ಚಿತ್ರದ ಮೂಲೆಯಲ್ಲಿದ್ದ ಕೆಂಪು ಹೆಸರು

ಹಿತ್ತಾಳೆ ಕೊಡದ ಕಂಠದ ಮೇಲೆ ಹೆಸರು ಹೊಡೆಸುವುದು ನಮ್ಮ ಕಡೆಯ ಪದ್ಧತಿ. ಮದುವೆಯಲ್ಲಿ ಕೊಟ್ಟವರ ಹೆಸರು, ಊರು, ಚುಕ್ಕಿ ಚುಕ್ಕಿಯಾಗಿ. ಅಂಥ ಕೊಡ ಹಳೇ ಸಾಮಾನಿನ ಅಂಗಡಿಗೆ ಬಂದರೆ ಮೊದಲ ಕೆಲಸ ಆ ಹೆಸರು ಅಳಿಸುವುದು. ಇನ್ನೊಂದು ಮನೆಯ ಹೆಸರಿರುವ ಕೊಡದಲ್ಲಿ ನೀರು ತುಂಬಲು ಯಾವ ಹೆಣ್ಣುಮಗಳೂ ಒಪ್ಪುವುದಿಲ್ಲ. ಅರದಿಂದ ತಿಕ್ಕಿ, ಉಜ್ಜು ಕಾಗದ ಹಾಕಿ, ಕೊನೆಗೆ ಹುಣಸೆಹಣ್ಣಿನಿಂದ ತೊಳೆದರೆ ಕೊಡ ಯಾರದೂ ಅಲ್ಲ, ಅಂದರೆ ಯಾರದಾದರೂ ಆಗಬಹುದು. ಸುರಪುರದ ಹಿತ್ತಾಳೆ ಅಂಗಡಿಯಲ್ಲಿ ನಾನು ಮೊದಲು ಕಲಿತ ಕಸಬು ಇದು.

ಇದರ ಜೊತೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಹಳೇ ಸಾಮಾನು ಕೊಳ್ಳುವವರು ನೆನಪಿಟ್ಟುಕೊಳ್ಳಿ. ಮಾರಲು ಬಂದವನೇ ಹೆಸರು ಉಜ್ಜಿಕೊಂಡು ಬಂದಿದ್ದರೆ ಆ ಸಾಮಾನು ಮುಟ್ಟಬೇಡಿ. ಅದು ಕಳವಿನದು. ನಾನು ಎಷ್ಟೋ ಜನರನ್ನು ಹೀಗೆಯೇ ಅಂಗಡಿಯ ಮೆಟ್ಟಿಲಿನಿಂದ ತಿರುಗಿ ಕಳಿಸಿದ್ದೇನೆ.

ಈ ಎರಡೂ ಮಾತು ಒಂದೇ ವಾರದಲ್ಲಿ ನನ್ನ ಕೊರಳಿಗೇ ಬಿದ್ದವು.

ಆಗ ಕಾಲುವೆ ನೀರು ಹೊಸದಾಗಿ ಬಂದಿತ್ತು. ಜೋಳ ಬೆಳೆಯುತ್ತಿದ್ದವರು ನೆಲ್ಲು ಬೆಳೆದರು. ನೆಲ್ಲು ಬೆಳೆದವರು ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಮನೆ ಕಟ್ಟಿಸಿದರು. ಕೆಡವಿದ ಮನೆಯ ಸಾಗವಾನಿ ಬಾಗಿಲು, ಕಂಬ, ಹಂಡೆ, ನಿಂತ ಗಡಿಯಾರ ಅವರಿಗೆ ಬೇಡವಾಗಿದ್ದವು. ನಾನು ಅವನ್ನೆಲ್ಲ ಎತ್ತಿಕೊಂಡು ಬಂದು ಶಹಾಪುರದಲ್ಲಿ ಸ್ವಂತ ಅಂಗಡಿ ಹಾಕಿದೆ. ಹೈದರಾಬಾದಿನಿಂದ ಬಂದು ಬಾಗಿಲು ಕೊಳ್ಳುವವರಿದ್ದರು. ನನ್ನ ಮಾತಿಗೆ ಬೆಲೆ ಬಂದಿತ್ತು. ಬೆಲೆ ಬಂದ ಮೇಲೆ ನಾನು ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವವನಾಗಿದ್ದೆ.

ಯಾದಗಿರಿಯಿಂದ ಒಬ್ಬ ಮುದುಕಿ ಹೇಳಿ ಕಳಿಸಿದಳು. ಅಲ್ಲಿನ ಒಂದು ದವಾಖಾನೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ಅವಳಿದ್ದ ಹಳೇ ಕ್ವಾರ್ಟರ್ಸ್ ಕೆಡವುವುದಿತ್ತು. ಮಂಚ, ಕಪಾಟು ಮಾರಬೇಕಂತೆ. ಹೋದೆ. ಮಂಚಕ್ಕೆ ಗೆದ್ದಲು ಹತ್ತಿತ್ತು, ಕಪಾಟಿಗೆ ಹಿಂಬದಿಯೇ ಇರಲಿಲ್ಲ. ಹೊರಡಬೇಕೆಂದಿದ್ದೆ. ಗೋಡೆಯ ಮೇಲೆ ಹಳೇ ಸೀರೆ ಇಳಿಬಿಟ್ಟಿದ್ದು ಕಾಣಿಸಿತು.

“ಕಿಡಕಿ ಇಲ್ಲದ ಗ್ವಾಡಿಗಿ ಪರದೆ ಯಾಕವ್ವಾ?” ಅಂದೆ.

“ಕಿಡಕಿ ಅಲ್ಲಪಾ. ನೋಡಿದ್ರ ಅಂಜಿಕಿ ಬರ್ತದ, ಅದಕ್ಕ ಮುಚ್ಚೀನಿ,” ಎಂದು ಸೀರೆ ಸರಿಸಿದಳು.

ಎಣ್ಣೆ ಬಣ್ಣದ ಚಿತ್ರ. ಎರಡು ಮೊಳಕ್ಕಿಂತ ಹೆಚ್ಚು ಅಗಲ, ಬಂಗಾರದ ಬಣ್ಣದ ಚೌಕಟ್ಟು. ಎರಡು ಕಡೆ ಕಡಿದಾದ ಬೆಟ್ಟ, ನಡುವೆ ನದಿ, ಚೂಪು ತುದಿಯ ಕಪ್ಪು ಮರಗಳು. ಮೇಲಿನ ಅರ್ಧ ಬರೀ ಮೋಡ. ಮಳೆ ಬೆಟ್ಟದ ಆಚೆಯಿಂದ ಇಳಿಯುತ್ತಿತ್ತು. ಬಂಡೆಯ ತುದಿಯಲ್ಲಿ ಬೆರಳಿನ ಉಗುರಿನಷ್ಟು ಎತ್ತರದ ಒಬ್ಬ ಮನುಷ್ಯ, ಟೊಪ್ಪಿಗೆ ಹಾಕಿಕೊಂಡು, ನಮಗೆ ಬೆನ್ನು ಮಾಡಿ ನಿಂತಿದ್ದ. ಒಂದು ಹೆಜ್ಜೆ ಮುಂದಿಟ್ಟರೆ ಕೆಳಗೆ ನೀರು.

“ನಮ್ಮ ಶಹಾಪುರದ ಬೆಟ್ಟ ನೋಡು, ಬುದ್ಧ ಮಲಗಿದಂಗ ಮಲಗ್ಯಾದ. ನೋಡಿದ್ರ ಮನಸಿಗಿ ತಂಪು. ಇದು ಎದ್ದು ನಿಂತಾದ,” ಅಂದಳು ಮುದುಕಿ. “ಈ ಮನಷ್ಯಾ ಮೂವತ್ತು ವರ್ಷ ಆತು, ಒಮ್ಮೆರ ಹಿಂದ ತಿರುಗಿ ನೋಡಿಲ್ಲ. ಮಳಿ ಬರಾಕತ್ತದೋ ಅಂತ ಕೂಗಿ ಹೇಳಬೇಕನಸ್ತದ.”

ಅದು ದವಾಖಾನೆಯ ಡಾಕ್ಟರಮ್ಮನ ಚಿತ್ರ. ಅಮೆರಿಕದವರು. ಅವರ ಮುತ್ತಜ್ಜನ ಮನೆಯಿಂದ ಹಡಗಿನಲ್ಲಿ ಬಂದದ್ದಂತೆ. ಬಂಗಲೆಯ ಪಡಸಾಲೆಯಲ್ಲಿದ್ದ ಅದರ ಧೂಳು ಒರೆಸುತ್ತಿದ್ದವಳು ಈ ಆಯಾ. ಮುಪ್ಪಿನಲ್ಲಿ ತಮ್ಮ ದೇಶಕ್ಕೆ ತಿರುಗಿ ಹೋಗುವಾಗ ಡಾಕ್ಟರಮ್ಮ ಚಿತ್ರವನ್ನು ಇವಳಿಗೆ ಕೊಟ್ಟು, ಕೊಟ್ಟಿದ್ದಕ್ಕೆ ಕಾಗದವನ್ನೂ ಬರೆದು ಹೋಗಿದ್ದರು. ಟ್ರಂಕಿನಿಂದ ಆ ಕಾಗದ ತೆಗೆದು ತೋರಿಸಿದಳು. ನನಗೆ ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಮೇಲೆ ಆಯಾಳ ಹೆಸರು, ಕೆಳಗೆ ಡಾಕ್ಟರಮ್ಮನ ಹೆಸರು ಓದಿಕೊಂಡೆ. ಮಾಲು ಸಾಚಾ.

“ಇದನ್ನ ಮಾರಿ ನನಗೊಂದು ಮನಿ ಮಾಡಿಕೊಡು,” ಅಂದಳು. ಶಹಾಪುರದಲ್ಲಿ ಕಾಲುವೆ ದಾರಿಗೆ ಒಂದು ಜಾಗ ನೋಡಿಟ್ಟಿದ್ದಳು. ಅವಳು ಹುಟ್ಟಿದ ಊರು ಅದು. “ಎರಡು ಖೋಲಿ ಸಾಕು. ಒಂದರಾಗ ನಾ, ಒಂದರಾಗ ನನ್ನ ತಂಗಿ ಮಗಳು. ಅಕಿಗಿ ಯಾರೂ ಇಲ್ಲ. ಜಾಗದವ ಅಮಾಸಿ ತನಕ ಹಿಡಿದೀನಂದಾನ. ಅಮಾಸಿ ಆದ ಮ್ಯಾಲ ಇಲ್ಲೂ ಗ್ವಾಡಿ ಇರಂಗಿಲ್ಲ, ಅಲ್ಲೂ ಜಾಗ ಇರಂಗಿಲ್ಲ.”

“ಎರಡು ಖೋಲಿ ಅಷ್ಟ ಅಲ್ಲವ್ವಾ, ಮುಂದೊಂದು ಪಡಸಾಲಿನೂ ಕಟ್ಟಸ್ತೀನಿ,” ಅಂದೆ. ಬಾಗಿಲು ಯಾವ ದಿಕ್ಕಿಗೆ ಇರಬೇಕು, ಅಡಿಗೆ ಎಲ್ಲಿ ಮಾಡಬೇಕು, ಕಾಲುವೆ ಜವಳು ಗೋಡೆಗೆ ಏರದಂತೆ ಪಾಯ ಎಷ್ಟು ಎತ್ತರ ಇರಬೇಕು, ಎಲ್ಲ ಹೇಳಿದೆ. ಅವಳು ಕೇಳಿಕೊಂಡಳು. ಚಿತ್ರ ಗೋಡೆಯಿಂದ ಇಳಿಸುವಾಗ, “ತಮ್ಮಾ, ಇದನ್ನ ಒರಸಬೇಕಂದ್ರ...” ಎಂದು ಶುರು ಮಾಡಿದಳು.

“ಒರಸೂದು ನನಗ ಹೇಳಿಕೊಡಬ್ಯಾಡವ್ವಾ. ಅದನ್ನ ಮಾಡೇ ಅಂಗಡಿ ಹಾಕೀನಿ,” ಅಂದೆ. ಅವಳು ಚಿತ್ರದ ಇನ್ನೊಂದು ತುದಿ ಹಿಡಿದಳು.

ಯಾದಗಿರಿ ಸ್ಟೇಷನ್ನಿನ ಹತ್ತಿರದ ಸ್ಟುಡಿಯೋದಲ್ಲಿ ಚಿತ್ರದ ಕಲರ್ ಫೋಟೋ ತೆಗೆಸಿ, ಬಾಗಿಲು ಕೊಳ್ಳುತ್ತಿದ್ದ ಹೈದರಾಬಾದಿನ ವ್ಯಾಪಾರಿಗೆ ಬೆಲೆ ಬರೆದು ಅಂಚೆಯಲ್ಲಿ ಕಳಿಸಿದೆ. ಹಳೇ ಚಿತ್ರಗಳನ್ನೂ ಅವರು ಕೊಳ್ಳುತ್ತಾರೆಂದು ಗೊತ್ತಿತ್ತು. ಚಿತ್ರವನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ಶಹಾಪುರದ ತನಕ ನಿಂತೇ ತಂದೆ. ಕೂತವರೊಬ್ಬರು, “ಏನ್ರಿ ಅದು, ಹೆಣ್ಣು ನೋಡಾಕ ಕನ್ನಡಿ ಒಯ್ಯಾಕತ್ತೀರೇನು?” ಎಂದು ಕೇಳಿದರು. ನಕ್ಕೆ. ಆ ವಾರ ನಾನು ನಕ್ಕಿದ್ದು ಅದೇ ಕೊನೆ.

ಮರುದಿನ ಬೆಳಕಿಗೆ ಹಿಡಿದು ನೋಡಿದಾಗ ಬಲಗಡೆಯ ಕೆಳಮೂಲೆಯಲ್ಲಿ, ಕಂದು ಬಂಡೆಯ ಮೇಲೆ, ಜೋಳದ ಕಾಳಿಗಿಂತ ಸಣ್ಣ ಕೆಂಪು ಅಕ್ಷರಗಳು ಕಂಡವು. ಕೂಡಿಸಿ ಓದಿದೆ. ಒಬ್ಬ ಗಂಡಸಿನ ಹೆಸರು. ಮುಂದೆ ಹದಿನೆಂಟು ಎಂದು ಶುರುವಾಗುವ ಇಸವಿ. ಅದು ಡಾಕ್ಟರಮ್ಮನ ಹೆಸರಲ್ಲ, ಆಯಾಳದಂತೂ ಅಲ್ಲ. ಕಾಗದದಲ್ಲಿ ಒಂದು ಹೆಸರು, ಮಾಲಿನ ಮೇಲೆ ಇನ್ನೊಂದು ಹೆಸರು. ಕೊಳ್ಳುವವನು ಮೊದಲು ಕೇಳುವುದೇ ಇದನ್ನು: ಇವನ್ಯಾರು, ಇವನದಾಗಿದ್ದರೆ ಅವಳ ಕೈಗೆ ಹೇಗೆ ಬಂತು? ದವಾಖಾನೆಯ ಆಯಾ ಕದ್ದಳು ಎನ್ನಲು ಯಾರಿಗೆ ಎಷ್ಟು ಹೊತ್ತು ಬೇಕು? ಅವಳ ಮನೆಗೆ ಆ ಕೆಂಪು ಅಕ್ಷರಗಳೇ ಅಡ್ಡಿ ಎಂದು ನನಗೆ ಅನಿಸಿತು.

ಅಂಗಡಿ ಬೋರ್ಡು ಬರೆಯುವ ಪೇಂಟರನ ಹತ್ತಿರ ಟರ್ಪೆಂಟೈನ್ ತಂದೆ. ಅರಳೆಯಲ್ಲಿ ಅದ್ದಿ, ಕೊಡ ಉಜ್ಜುವಂತೆ ಅಲ್ಲ, ಮಗುವಿನ ಮುಖ ಒರೆಸುವಂತೆ ಮೆಲ್ಲಗೆ ಒರೆಸಿದೆ. ಮೊದಲು ಹಳದಿ ಜಿಡ್ಡು ಬಂತು, ಆಮೇಲೆ ಕೆಂಪು, ಆಮೇಲೆ ಬಂಡೆಯ ಕಂದು ಸ್ವಲ್ಪ. ಹೆಸರು ಹೋಯಿತು. ಆ ಜಾಗ ಒಣಗಿದ ಮೇಲೆ ಉಳಿದದ್ದಕ್ಕಿಂತ ತಿಳಿಯಾಗಿ ಕಾಣಿಸಿತು. ಕೆಲಸ ಚಂದ ಆಯಿತು ಅಂದುಕೊಂಡೆ. ಏನನ್ನೂ ಬಿಸಾಡುವ ಚಟ ನನಗಿಲ್ಲ. ಅರಳೆಯನ್ನು ಗಲ್ಲಾಪೆಟ್ಟಿಗೆಯ ಖಾನೆಯಲ್ಲಿ ಒಣಗಲು ಇಟ್ಟೆ.

ನಾಲ್ಕು ದಿನಕ್ಕೆ ಹೈದರಾಬಾದಿನಿಂದ ಪತ್ರ ಬಂತು, ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಅಷ್ಟು ಉದ್ದದ್ದು ಓದಲು ನನ್ನಿಂದ ಆಗಲಿಲ್ಲ. ಸುರಪುರಕ್ಕೆ ಹೋಗಿ, ಪಿಂಚಣಿಯಲ್ಲಿದ್ದ ಒಬ್ಬ ಇಂಗ್ಲಿಷು ಮಾಸ್ತರರ ಕೈಗೆ ಕೊಟ್ಟೆ. ಅವರು ಕಟ್ಟೆಯ ಮೇಲೆ ಕೂತು, ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದರು.

“ಫೋಟೋ ತಲುಪ್ಯಾದಂತ. ಚಿತ್ರ ಅಮೆರಿಕದ್ದು, ನೂರು ವರ್ಷದ ಮ್ಯಾಲಿನದು ಇರಬೇಕಂತ. ಬಲಗಡಿ ಮೂಲ್ಯಾಗ ಕೆಂಪು ಅಕ್ಷರ ಕಾಣಾಕತ್ತಾವಂತ. ಅದು ಚಿತ್ರ ಬರದವನ ಸಹಿ. ತಾನು ತಿಳಕೊಂಡ ಹೆಸರೇ ಅದಾಗಿದ್ರ ನೀ ಕೇಳಿದ್ದಕ್ಕಿಂತ ಹೆಚ್ಚು ಕೊಡ್ತೀನಂದಾನ. ಗುರುವಾರ ಖುದ್ದು ಬರ್ತಾನ.” ಮಾಸ್ತರರು ಕಾಗದ ಹತ್ತಿರ ಹಿಡಿದುಕೊಂಡರು. “ಕೊನೀ ಸಾಲಿನ ಕೆಳಗ ಗೆರಿ ಎಳದಾನ. ಆ ಮೂಲಿಗಿ ನೀರು, ಎಣ್ಣಿ, ಬಟ್ಟಿ ಏನೂ ತಾಕಬಾರದಂತ.”

ಗೆರೆ ಎಳೆದ ಸಾಲನ್ನು ನಾನೂ ಬಗ್ಗಿ ನೋಡಿದೆ.

“ಯಾಕಪಾ, ಮುಖ ಸುಣ್ಣ ಆತಲ್ಲ?”

“ಸರ, ಸಹಿ ಇಲ್ಲಂದ್ರ ಏನಾಗ್ತದರಿ?”

“ಸಹಿ ಇಲ್ಲದ ಚೆಕ್ ಬ್ಯಾಂಕಿಗಿ ಒಯ್ದು ನೋಡು, ಏನಾಗ್ತದ ಅವರೇ ಹೇಳ್ತಾರ,” ಎಂದು ನಕ್ಕು ಪತ್ರ ಮಡಚಿಕೊಟ್ಟರು.

ಸಾವಿರ ಕೊಡ ನನ್ನ ಕೈಯಿಂದ ಹೋಗಿವೆ. ಒಂದರ ಮೇಲೂ ಅದನ್ನು ಬಡಿದ ಕಂಚುಗಾರನ ಹೆಸರು ನೋಡಿರಲಿಲ್ಲ. ಕೊಟ್ಟವನ ಹೆಸರು ಇರುತ್ತದೆ, ಇಟ್ಟುಕೊಂಡವನ ಹೆಸರು ಇರುತ್ತದೆ. ಮಾಡಿದವನೂ ಹೆಸರು ಹಾಕುತ್ತಾನೆ, ಆ ಹೆಸರಿಗೇ ಬೆಲೆ ಇರುತ್ತದೆ ಎಂಬುದು ನನ್ನ ತಲೆಗೆ ಎಂದೂ ಬಂದಿರಲಿಲ್ಲ.

ಗುರುವಾರಕ್ಕೆ ಮೂರು ದಿನ ಇತ್ತು. ಅಂಗಡಿಯ ಎದುರಿಗೇ ಪೊಲೀಸ್ ಠಾಣೆ. ಅಲ್ಲಿಯ ಹವಾಲ್ದಾರ ಚಹಾ ಕುಡಿಯಲು ಹೊರಗೆ ಬಂದರೆ ನಾನು ಕಂಬಗಳ ಹಿಂದೆ ಸರಿಯುತ್ತಿದ್ದೆ. ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಹಾಗಿಟ್ಟರೆ ಇನ್ನೂ ಅಂಜಿಕೆ. ಆ ಸಣ್ಣ ಮನುಷ್ಯ ಗೋಡೆಯೊಳಗೇ ನಡೆದು ಹೋಗಿಬಿಟ್ಟಾನು ಅನಿಸುತ್ತಿತ್ತು. ತಿರುಗಿಸಿ ನೋಡುತ್ತಿದ್ದೆ. ಅವನು ಅಲ್ಲೇ, ಬಂಡೆಯ ತುದಿಯಲ್ಲಿ.

ಒಂದು ಕೆಟ್ಟ ವಿಚಾರವೂ ಬಂತು, ಮುಚ್ಚಿಡುವುದಿಲ್ಲ. ಬೋರ್ಡು ಬರೆಯುವ ಪೇಂಟರನ ಹತ್ತಿರ ಹೋಗಿ, ಸಣ್ಣ ಕುಂಚ ಇದೆಯೇ, ಕೆಂಪು ಬಣ್ಣ ಇದೆಯೇ ಎಂದು ಕೇಳಿದೆ. ಎರಡೂ ಇದ್ದವು. ಹೆಸರಿನ ಅರ್ಧ ನನಗೆ ನೆನಪಿತ್ತು, ಉಳಿದರ್ಧ ಸ್ಟುಡಿಯೋದಲ್ಲಿದ್ದ ನೆಗೆಟಿವಿನಿಂದ ಕದಿಯಬಹುದಿತ್ತು. ಕುಂಚ ಕೈಯಲ್ಲಿ ಹಿಡಿದು ನಿಂತೆ. ಆಗ ನಾನೇ ಮೆಟ್ಟಿಲಿನಿಂದ ಓಡಿಸಿದವರ ಮುಖಗಳು ನೆನಪಾದವು. ಹಳೇ ಕೊಡದ ಮೇಲಿನ ಹೊಸ ಗೆರೆ ನನ್ನ ಕಣ್ಣಿಗೆ ಮಾರು ದೂರದಿಂದ ಕಾಣುತ್ತದೆ, ಆ ವ್ಯಾಪಾರಿಯ ಕಣ್ಣಿಗೆ ಕಾಣದಿರುತ್ತದೆಯೇ? ಅಳಿಸಿದ್ದಕ್ಕೆ ಮೂರ್ಖ ಅಂದಾರು, ಬರೆದರೆ ಬೇಡಿ ಹಾಕಿಸಿಯಾರು. ಕುಂಚ ವಾಪಸು ಕೊಟ್ಟೆ. ಒಳ್ಳೆಯತನ ಅಂದುಕೊಳ್ಳಬೇಡಿ, ಲೆಕ್ಕಾಚಾರ ಅದು.

ಮುದುಕಿಗೆ ಹೇಳಲೇಬೇಕೆಂದು ಬುಧವಾರ ಯಾದಗಿರಿಗೆ ಹೋದೆ. ಅವಳು ಆಗಲೇ ಪಾತ್ರೆ ಪಗಡೆ ಗಂಟು ಕಟ್ಟುತ್ತಿದ್ದಳು. ಪಕ್ಕದ ಎರಡು ಕ್ವಾರ್ಟರ್ಸಿನ ಹೆಂಚು ಇಳಿಸಿ ಆಗಿತ್ತು. “ಬಾ ತಮ್ಮಾ. ತಂಗಿ ಮಗಳಿಗಿ ಹೇಳಿ ಕಳಸೀನಿ, ಅಮಾಸಿಗಿ ಹೊಸ ಮನ್ಯಾಗ ಹೋಳಿಗಿ ಮಾಡೂನು ಅಂತ,” ಅಂದಳು. ನಾನು ನೀರು ಕುಡಿದೆ. ಗಂಟಿನ ತಳಕ್ಕೆ ಭಾರದ ಪಾತ್ರೆ ಇಡಬೇಕು, ಹಗ್ಗ ಅಡ್ಡ ಹಾಕಬೇಕು ಎಂದು ಬುದ್ಧಿ ಹೇಳಿದೆ. ಗುರುವಾರ ವ್ಯಾಪಾರಕ್ಕೆ ನೀನೂ ಬಾ ಅಂದೆ. ಹೇಳಬೇಕಾದ್ದನ್ನು ಹೇಳದೆ ಬಸ್ಸು ಹತ್ತಿದೆ.

ಗುರುವಾರ ಅವಳು ಮುಂಜಾನೆಯ ಮೊದಲ ಬಸ್ಸಿಗೇ ಬಂದು ನನ್ನ ಅಂಗಡಿಯ ಹಳೇ ಬೆಂಚಿನ ಮೇಲೆ ಕೂತಿದ್ದಳು. ವ್ಯಾಪಾರಿ ಹತ್ತು ಗಂಟೆಗೆ ಬಂದರು. ಗುರುಮಠಕಲ್ ಕಡೆ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ವಯಸ್ಸಾದ ಸಾಹೇಬರು. ಹೆಗಲ ಮೇಲೆ ರುಮಾಲು, ಕೈಯಲ್ಲಿ ಚರ್ಮದ ಚೀಲ. ಚಿತ್ರವನ್ನು ಮೊದಲು ದೂರದಿಂದ ನೋಡಿದರು. ಆಮೇಲೆ ಹತ್ತಿರ. ಹಿಂದೆ ತಿರುಗಿಸಿ, ಕಟ್ಟಿಗೆಯ ಮೇಲೆ ಒತ್ತಿದ್ದ ಮುದ್ರೆ ನೋಡಿ, ಅಮೆರಿಕದ ಬಣ್ಣದ ಅಂಗಡಿಯದು ಎಂದು ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಭೂತಗನ್ನಡಿ ತೆಗೆದು ಬಲಮೂಲೆಗೆ ಬಗ್ಗಿದರು.

ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

“ಭಾಯಿ, ಅಸಲ್ ಎಲ್ಲಿ ಅದ?” ಅಂದರು. ದನಿ ಏರಿಸಲಿಲ್ಲ.

“ಇದೇ ಅಸಲ್ ರಿ ಸಾಹೇಬ್ರ.”

ಅವರು ಚೀಲದಿಂದ ನನ್ನ ಫೋಟೋ ತೆಗೆದು ಚಿತ್ರದ ಪಕ್ಕ ಹಿಡಿದರು. “ಇದರಾಗ ಸಹಿ ಅದ. ಅದರಾಗ ಇಲ್ಲ. ಒಂದೋ ಅದು ನಕಲಿ, ಅಸಲ್ ನೀ ಮುಚ್ಚಿಟ್ಟೀದಿ. ಇಲ್ಲಾ ಕಳವಿನ ಮಾಲು, ಅದಕ್ಕ ಹೆಸರು ಉಜ್ಜೀದಿ. ಎರಡರಾಗ ಯಾವದು ಹೇಳಿಬಿಡು. ಠಾಣಾ ಎದುರಿಗೇ ಅದ.”

ನಾನು ಎಷ್ಟೋ ಜನರಿಗೆ ಹೇಳಿದ ಮಾತು ಅದು, ಸ್ವಲ್ಪವೂ ಬೇರೆಯಲ್ಲ. ಬೆಂಚಿನ ಮೇಲಿದ್ದ ಮುದುಕಿ ಎದ್ದು ನಿಂತಳು.

“ಏನಂತ ತಮ್ಮಾ? ನಾ ಕದ್ದೀನಂತಾರೇನು?”

ಆ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಗಲ್ಲಾಪೆಟ್ಟಿಗೆಯ ಖಾನೆ ಎಳೆದು, ಒಣಗಿದ ಅರಳೆಯನ್ನು ಸಾಹೇಬರ ಅಂಗೈ ಮೇಲೆ ಇಟ್ಟೆ. ಅದರ ಮೇಲೆ ಹಳದಿ, ಕೆಂಪು, ಕಂದು ಮೂರೂ ಇದ್ದವು. “ಸಹಿ ಇಲ್ಲಿ ಅದ ರಿ. ನಾನೇ ಅಳಸೀನಿ. ಬ್ಯಾರೆ ಮಾಲಕನ ಹೆಸರಂತ ತಿಳದೆ.” ಆಮೇಲೆ ಮುದುಕಿಯ ಕಡೆ ತಿರುಗಿದೆ. “ಅವ್ವಾ, ನಿನ್ನ ಮಾಲು ನಾ ಕೆಡಸೀನಿ. ನಿನ್ನೆ ಹೇಳಾಕಂತಾ ಬಂದಿದ್ದೆ. ಬಾಯಿ ಬರಲಿಲ್ಲ.”

ಸಾಹೇಬರು ಅರಳೆ ಮೂಸಿ ನೋಡಿದರು. ಭೂತಗನ್ನಡಿ ಹಿಡಿದು ಅರಳೆಯ ಕೆಂಪನ್ನೂ ಫೋಟೋದ ಕೆಂಪನ್ನೂ ನೋಡಿದರು. ಆಮೇಲೆ ಒಂದು ಹಳೇ ಕುರ್ಚಿ ಎಳೆದುಕೊಂಡು ಕೂತರು. “ಕೊಡ ತಿಕ್ಕಿದಂಗ ತಿಕ್ಕೀಯಲ್ಲೋ,” ಅಂದರು. ಠಾಣೆಯ ಮಾತು ಮತ್ತೆ ಬರಲಿಲ್ಲ.

ಮುದುಕಿ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ಒಣ ಬಟ್ಟಿ ಬಿಟ್ಟು ಏನೂ ಹಚ್ಚಬ್ಯಾಡ ಅಂತ ಡಾಕ್ಟರ್ ಅಮ್ಮಾರು ಹೇಳಿದ್ದರು. ಮೂವತ್ತು ವರ್ಷ ಹಚ್ಚಿಲ್ಲ. ಅದನ್ನ ಹೇಳಾಕ ಬಂದೆ, ನೀ ಬಾಯಿ ಮುಚ್ಚಿಸಿದಿ,” ಅಂದಳು. “ನೀ ಬರೇ ಹೇಳಾವ, ಕೇಳಾವ ಅಲ್ಲ. ಈಗರ ಕೇಳು. ಎಷ್ಟು ಖೋಲಿ ಉಳದಾವ ಕೇಳು ಅವರಿಗಿ.”

ಅವಳ ಮಾತಿಗೆ ತಲೆ ಎತ್ತಿದೆ. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಸಾಹೇಬರು ಕೂತಿದ್ದರೂ ಅವರ ಎಡಗೈ ಚೌಕಟ್ಟಿನ ಮೇಲೆಯೇ ಇತ್ತು. ಇದನ್ನು ನೀವೂ ಗಮನದಲ್ಲಿಡಿ: ಮಾಲು ಬೇಡವಾದವನು ಮೊದಲು ಕೈ ತೆಗೆಯುತ್ತಾನೆ. ಎಷ್ಟೇ ಕುಂದು ಹೇಳಿದರೂ ಕೈ ಬಿಡದವನಿಗೆ ಮಾಲು ಬೇಕು.

ಸಾಹೇಬರು ಹೆಗಲಿನ ರುಮಾಲು ತೆಗೆದು ಬಲಗೈ ಮೇಲೆ ಹೊದ್ದುಕೊಂಡು ನನ್ನ ಕಡೆ ಚಾಚಿದರು. ದನದ ಸಂತೆಯಲ್ಲಿ ಮಾಡುವಂತೆ, ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವ ರೂಢಿ. ಪಕ್ಕದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಆ ವ್ಯವಹಾರದಲ್ಲಿ ನನ್ನನ್ನು ಮೀರಿಸಿದವರು ಕಡಿಮೆ.

ಕೈ ಕೊಡಲಿಲ್ಲ. “ಬಾಯಿಲೇ ಮಾತಾಡೂನ್ರಿ ಸಾಹೇಬ್ರ. ಮಾಲು ಅಕೀದು. ಅಕಿ ಕೇಳಬೇಕು,” ಅಂದೆ.

ಅವರು ಹೇಳಿದ ಮೊದಲ ಬೆಲೆಗೆ ಜಾಗ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ನಾನು ಮುದುಕಿ ಜೊತೆಗೆ ತಂದಿದ್ದ ಡಾಕ್ಟರಮ್ಮನ ಕಾಗದ ಮುಂದಿಟ್ಟೆ. ಹಿಂಬದಿಯ ಮುದ್ರೆ ತೋರಿಸಿದೆ. ಸಹಿ ಇದ್ದದ್ದು ಯಾದಗಿರಿ ಸ್ಟುಡಿಯೋದ ನೆಗೆಟಿವಿನಲ್ಲಿದೆ, ದೊಡ್ಡದು ಮಾಡಿಸಿಕೊಡುತ್ತೇನೆ ಅಂದೆ. ಅರಳೆಯನ್ನೂ ಜೊತೆಗೆ ಒಯ್ಯಿರಿ ಅಂದೆ. ಅವರು, “ಅರಳಿ ಚೌಕಟ್ಟಿಗಿ ಹಾಕಿ ಮಾರಲೇನು?” ಎಂದು ಚುಚ್ಚಿದರು. ಆದರೆ ಅದನ್ನು ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಒಂದೊಂದು ಮಾತಿಗೆ ಗೋಡೆ ಒಂದೊಂದು ಮೊಳ ಏರಿದ ಹಾಗೆ ಬೆಲೆ ಏರಿತು. ಎರಡು ಸಲ ಅವರು ಎದ್ದು ಬಾಗಿಲ ತನಕ ಹೋದರು. ಎರಡೂ ಸಲ ನನ್ನ ಜೀವ ಅವರ ಜೋಡಿನ ಹಿಂದೆಯೇ ಹೋಯಿತು. ಮುದುಕಿ ಮಾತ್ರ ಬೆರಳು ಮಡಚುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಜಾಗ, ಒಂದು ಖೋಲಿ, ಮುಂದೆ ತಗಡಿನ ಪಡಸಾಲೆ. ಅಲ್ಲಿಗೆ ನಿಂತಿತು.

“ಸಾಕು, ಕೊಡು,” ಅಂದಳು ಅವಳು.

ಸಾಹೇಬರು ಚಿತ್ರವನ್ನು ಕೌದಿಯಲ್ಲಿ ಸುತ್ತುವ ಮೊದಲು ಅವಳು ಹತ್ತಿರ ಬಂದು ನಿಂತಳು. ಬಂಡೆಯ ಮೇಲಿನ ಮನುಷ್ಯನನ್ನು ನೋಡಿದಳು. “ಈಗರ ತಿರುಗ್ತಾನೇನೋ ಅಂತ,” ಎಂದು ಸೀರೆ ಸೆರಗಿನ ಒಣ ತುದಿಯಿಂದ ಚೌಕಟ್ಟಿನ ಧೂಳು ಒರೆಸಿದಳು.

ನನ್ನ ಪಾಲು ನಾನು ತೆಗೆದುಕೊಳ್ಳಲಿಲ್ಲ. ಅದರಿಂದ ಎರಡನೇ ಖೋಲಿಯ ಗೋಡೆ ಸೊಂಟದ ತನಕ ಎದ್ದಿತು. ಉಳಿದದ್ದಕ್ಕೆ ಅಂಗಡಿಯ ಕಂಬ, ತೊಲೆ, ಒಂದು ಸಾಗವಾನಿ ಬಾಗಿಲು ಕೊಟ್ಟೆ. ದಾನ ಅಂತ ಯಾರೂ ತಿಳಿಯಬಾರದು. ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತು ಆ ಕತೆ ಹೇಳಿದ್ದರೆ ನನ್ನ ಅಂಗಡಿಗೆ ಯಾರು ಮಾಲು ತರುತ್ತಿದ್ದರು? ಆ ಅಂಜಿಕೆ ಇನ್ನೂ ಇತ್ತು. ಅವಳು ಹೇಳಲಿಲ್ಲ. ಅಮಾವಾಸ್ಯೆಗೆ ಒಂದೇ ಖೋಲಿಯಲ್ಲಿ ಅವಳೂ ತಂಗಿ ಮಗಳೂ ಹೋಳಿಗೆ ಮಾಡಿದರು. ಎರಡನೆಯದಕ್ಕೆ ಮೇಲ್ಛಾವಣಿ ಹಾಕುವ ಹೊತ್ತಿಗೆ ಮಳೆಗಾಲ ಬಂದಿತ್ತು.

ಹೊಸಿಲಿನ ಸಿಮೆಂಟು ಹಸಿ ಇರುವಾಗ ನಾನು ಅಲ್ಲಿಗೆ ಹೋಗಿದ್ದೆ. ಅವಳು ಗೋಡೆ ಕಟ್ಟಿದ ಗೌಂಡಿಯನ್ನು ನಿಲ್ಲಿಸಿಕೊಂಡಿದ್ದಳು. “ಮೂಲ್ಯಾಗ ನಿನ್ನ ಹೆಸರು ಬರಿ,” ಅನ್ನುತ್ತಿದ್ದಳು. ಅವನು ನಾಚಿಕೊಂಡು, “ಮನಿ ನಿಂದು ಯವ್ವಾ, ನನ್ನ ಹೆಸರು ಯಾಕ?” ಅಂದ. “ಕಟ್ಟಿದಾವ ನೀ ಅಲ್ಲೇನು, ಬರಿ,” ಅಂದಳು. ಅವನು ಕರಣೆಯ ತುದಿಯಿಂದ ಬಲಮೂಲೆಯಲ್ಲಿ ಸಣ್ಣದಾಗಿ ಗೀಚಿದ.

“ಬಾಗಲ ಕೊಟ್ಟಾವ ನಾ. ನನ್ನ ಹೆಸರು?” ಅಂದೆ, ತಮಾಷೆಗೆ.

ಅವಳು ಹಸಿ ಸಿಮೆಂಟು ದಾಟಲು ಸೀರೆ ಎತ್ತಿಕೊಂಡಳು. “ನಿಂದು ಆ ಚಿತ್ರದ ಮೂಲ್ಯಾಗ ಆಗಲೇ ಅದ ತಮ್ಮಾ,” ಅಂದಳು. “ಉಜ್ಜಿದ ಜಾಗದಾಗ.”